ಅಜ್ಜಿಗೊಂದು ಡೌಟು

“ಅದ್ಯಾಕಮ್ಮ ಸೊನ್ನೆಯಿಂದ ಎಣಿಸ್ತಿದೀಯ? ಒಂದು ಅನ್ನೋದು ಎಲ್ಲಿಗೆ ಹೋಯ್ತು?”

ನಾನು ಕೇಳಿದ್ದು ಇಷ್ಟೇ. ಕೈಯಲ್ಲಿ ಕಾಫಿ ಲೋಟವಿತ್ತು. ಕಣ್ಣು ಚೈತ್ರಾಳ ಲ್ಯಾಪ್‌ಟಾಪಿನ ಮೇಲಿತ್ತು. ಮೈಕ್ ಆನ್ ಆಗಿದೆ ಎಂಬುದು ನನಗೆ ಹೇಗೆ ಗೊತ್ತಾಗಬೇಕು? (ನಮ್ಮ ಕಾಲದಲ್ಲಿ ಮೈಕ್ ಎಂದರೆ ಆಳೆತ್ತರದ ಕಂಬದ ಮೇಲೆ ಇರುತ್ತಿತ್ತು. ಕುರುಡರಿಗೂ ತಾಕುತ್ತಿತ್ತು.)

ಚೈತ್ರಾ ಪಾಠ ನಿಲ್ಲಿಸಿ ನನ್ನ ಕಡೆ ತಿರುಗಿದಳು. ಆ ನೋಟವನ್ನು ನಾನು ಹಿಂದೆ ಒಮ್ಮೆ ಕಂಡಿದ್ದೆ, ಪ್ರೇಯರ್ ಹೊತ್ತಿನಲ್ಲಿ ಸೀನಿದಾಗ, ನಮ್ಮ ಕಾನ್ವೆಂಟಿನ ಸಿಸ್ಟರ್ ಮುಖದಲ್ಲಿ. ಎಲ್ಲೆಲ್ಲೋ ಮನೆಗಳಲ್ಲಿ, ಬಸ್ಸುಗಳಲ್ಲಿ ಫೋನು ಹಿಡಿದು ಕೂತಿದ್ದ ಅವಳ ಸ್ಟೂಡೆಂಟ್‌ಗಳಿಗೆಲ್ಲ ನನ್ನ ದನಿ ಕೇಳಿಸಿಬಿಟ್ಟಿತ್ತು. ಸಾರಿ ಎಂದು ಪಿಸುಗುಟ್ಟಿ ಅಡುಗೆಮನೆಗೆ ಓಡಬೇಕು (ನನ್ನ ಮಂಡಿಯ ಮಟ್ಟಿಗೆ ಓಡುವುದೆಂದರೆ ಸ್ವಲ್ಪ ಬೇಗ ನಡೆಯುವುದು) ಎನ್ನುವಷ್ಟರಲ್ಲಿ ಸ್ಕ್ರೀನಿನ ಬಲಗಡೆ ಅಕ್ಷರಗಳು ಮೂಡತೊಡಗಿದವು.

‘ಸೇಮ್ ಡೌಟ್ ಮ್ಯಾಮ್.’

‘ನನಗೂ ಅದೇ ಮ್ಯಾಮ್.’

‘ಅಜ್ಜಿ ಕೇಳಿದ್ದಕ್ಕೆ ಆನ್ಸರ್ ಮಾಡಿ ಮ್ಯಾಮ್ ಪ್ಲೀಸ್.’

ಒಂದರ ಹಿಂದೆ ಒಂದು. ಇರುವೆ ಸಾಲು ಬಂದ ಹಾಗೆ. ಚೈತ್ರಾ ನನ್ನನ್ನು ಮರೆತು ಸ್ಕ್ರೀನನ್ನೇ ನೋಡುತ್ತ ಕೂತಳು. ಅವಳ ಬಾಯಿ ಅರ್ಧ ತೆರೆದಿತ್ತು.

ನಿಮಗೆ ಚೈತ್ರಾ ಯಾರೆಂದು ಹೇಳಲಿಲ್ಲ ಅಲ್ಲವೆ? ದಟ್ಟಗಳ್ಳಿಯ ನಮ್ಮ ಮನೆಯ ಮಹಡಿಯ ಮೇಲೆ ಬಾಡಿಗೆಗಿರುವ ಹುಡುಗಿ. ಹುಡುಗಿ ಎಂದರೆ ಮದುವೆಯಾಗಿದೆ, ಒಂದು ಮಗುವಿದೆ, ಸೀರಿಯಲ್ಲುಗಳನ್ನು ಇಡೀ ಬೀದಿಗೆ ಕೇಳಿಸುವಂತೆ ನೋಡುವ ಅತ್ತೆಯೂ ಇದ್ದಾರೆ. ಇವಳು ಒಂದು ಸಣ್ಣ ಸಂಸ್ಥೆಗೆ ಆನ್‌ಲೈನಿನಲ್ಲಿ ಪ್ರೋಗ್ರಾಮಿಂಗ್ ಪಾಠ ಮಾಡುತ್ತಾಳೆ. ಕಂಪ್ಯೂಟರಿಗೆ ಕೆಲಸ ಹೇಳುವುದು ಹೇಗೆಂದು ಕಲಿಸುವುದು. ಸಂಜೆ ಪಾಠದ ಹೊತ್ತಿಗೆ ಸರಿಯಾಗಿ ಮೇಲೆ ಸೀರಿಯಲ್ಲಿನ ಸೊಸೆ ಅಳಲು ಶುರು ಮಾಡುತ್ತಾಳೆ. ಆದ್ದರಿಂದ ಚೈತ್ರಾ ಲ್ಯಾಪ್‌ಟಾಪ್ ಎತ್ತಿಕೊಂಡು ಕೆಳಗೆ ನನ್ನ ಡೈನಿಂಗ್ ಟೇಬಲ್ಲಿಗೆ ಬರುತ್ತಾಳೆ. ನನಗೂ ಕಂಪನಿ.

ಆವತ್ತು ಅವಳು ನನಗೆ ಕೊಟ್ಟ ಉತ್ತರವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

“ಆಂಟಿ, ನೀವಿರೋದು ಯಾವ ಫ್ಲೋರು?”

“ಗ್ರೌಂಡ್ ಫ್ಲೋರು.”

“ನಾವಿರೋದು?”

“ಫಸ್ಟ್ ಫ್ಲೋರು.”

“ಎಣಿಸೋಕೆ ಹೋದ್ರೆ ನಿಮ್ಮದೇ ಅಲ್ವಾ ಮೊದಲನೇದು? ನಮ್ಮದನ್ನ ಯಾಕೆ ಫಸ್ಟ್ ಅಂತೀರಿ?”

ಈ ಮನೆ ಕಟ್ಟಿದಂದಿನಿಂದ ಗ್ರೌಂಡ್ ಫ್ಲೋರು, ಫಸ್ಟ್ ಫ್ಲೋರು ಎನ್ನುತ್ತಲೇ ಇದ್ದೇನೆ. ಇದು ಒಮ್ಮೆಯೂ ತಲೆಗೆ ಬಂದಿರಲಿಲ್ಲ.

“ಎಷ್ಟು ಮಹಡಿ ಹತ್ತಬೇಕು ಅನ್ನೋದು ಲೆಕ್ಕ ಆಂಟಿ. ನಮ್ಮನೆಗೆ ಬರಬೇಕಾದ್ರೆ ಒಂದು ಹತ್ತಬೇಕು. ನಿಮ್ಮನೆಗೆ ಬರೋಕೆ ಹತ್ತೋದೇ ಬೇಡ. ಸೊನ್ನೆ. ಕಂಪ್ಯೂಟರ್ ಕೂಡ ಹಾಗೇ ಕೇಳುತ್ತೆ. ಶುರುವಿನಿಂದ ಎಷ್ಟು ದೂರ ಹೋಗಲಿ ಅಂತ. ಮೊದಲನೇದು ಶುರುವಿನಲ್ಲೇ ಇದೆಯಲ್ಲ?”

ಆಗ ಸ್ಕ್ರೀನಿನ ಬಲಗಡೆ ಒಂದು ‘ಓ’ ಬಂತು. ಆಮೇಲೆ ‘ಓಓಓಓ’. ಆಮೇಲೆ ‘ಅಯ್ಯೋ ಇಷ್ಟೇನಾ ಮ್ಯಾಮ್’. ಮುಖ ಕಾಣದು, ದನಿ ಕೇಳದು. ಆದರೂ ಯಾರಿಗೋ ಏನೋ ಅರ್ಥವಾದದ್ದು ಆ ಒಂದು ಅಕ್ಷರದಲ್ಲಿ ಬಂದು ನನ್ನ ಡೈನಿಂಗ್ ಟೇಬಲ್ಲಿನ ಮೇಲೆ ಕೂತಿತು. ನನಗೆ ಮೈ ಜುಂ ಎಂದಿತು. (ಮನೆ ಓನರು ಸೊನ್ನೆ, ಬಾಡಿಗೆಯವಳು ಒಂದು ಎಂದು ಚೈತ್ರಾ ಆಮೇಲೆ ಗಂಡನಿಗೆ ಹೇಳಿ ನಕ್ಕಿದ್ದು ಬೇರೆ ಮಾತು. ಕೇಳಿಸಿತು, ಕಣಮ್ಮ.)

ಕ್ಲಾಸು ಮುಗಿದ ಮೇಲೆ ಅವಳು ಎದ್ದು ಹೋಗಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ, ಅದರ ಮೇಲೆ ಎರಡೂ ಕೈಯಿಟ್ಟು ಕೂತಿದ್ದಳು.

“ಇದನ್ನ ನಾನು ಮೊದಲನೇ ವಾರದಲ್ಲೇ ಪಾಠ ಮಾಡಿದೀನಿ ಆಂಟಿ. ಎನಿ ಡೌಟ್ಸ್ ಅಂತ ಕೇಳಿದೀನಿ. ಎಲ್ಲರೂ ನೋ ಮ್ಯಾಮ್ ಅಂದ್ರು. ಹಾಗಾದ್ರೆ ಇಷ್ಟು ದಿನ ಇವರಿಗೆ ಏನು ಅರ್ಥ ಆಗಿತ್ತು?”

ನೋ ಮ್ಯಾಮ್. ಆಹಾ, ಆ ರಾಗ ನನಗೆ ಗೊತ್ತು. ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರ್ ಬೋರ್ಡಿನ ಮೇಲೆ ಕೊನೆಯ ಗೆರೆ ಎಳೆದು, ಕೈಯ ಸೀಮೆಸುಣ್ಣದ ಪುಡಿ ಕೊಡವಿ, “ಎನಿ ಡೌಟ್ಸ್, ಗರ್ಲ್ಸ್?” ಎನ್ನುತ್ತಿದ್ದರು. ನಾವು ಒಕ್ಕೊರಲಿನಿಂದ “ನೋ, ಸಿಸ್ಟರ್” ಎಂದು ಹಾಡುತ್ತಿದ್ದೆವು. ಎಷ್ಟು ಚೆಂದದ ಹಾರ್ಮನಿ ಅಂತೀರಿ. ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದರೆ ಪ್ಲಸ್ ಯಾಕೆ ಆಗಬೇಕು ಎಂದು ನಮ್ಮ ಬೆಂಚಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೆ ಇವತ್ತಿಗೂ ಗೊತ್ತಿಲ್ಲ. ಆ ಬೆಂಚಿನ ಗೆಳತಿಯರಲ್ಲಿ ಕೆಲವರು ಗೊತ್ತಿಲ್ಲದೆಯೇ ಹೋಗಿಬಿಟ್ಟರು.

ಚೈತ್ರಾಳ ಚಿಂತೆ ಬೇರೆಯೇ ಇತ್ತು. ಪ್ರತಿ ಬ್ಯಾಚಿನಲ್ಲೂ ಶುರುವಿನಲ್ಲಿ ಸ್ಕ್ರೀನು ತುಂಬ ಹೆಸರುಗಳು. ಅರ್ಧ ದಾರಿಗೆ ಬರುವಷ್ಟರಲ್ಲಿ ಒಬ್ಬೊಬ್ಬರೇ ಮಾಯ. ಯಾಕೆಂದು ಹೇಳಿಯೂ ಹೋಗುವುದಿಲ್ಲ. ಈ ಸಲವೂ ಹಾಗೇ ಆದರೆ ಲೈವ್ ಕ್ಲಾಸು ನಿಲ್ಲಿಸುವುದಾಗಿ ಅವಳ ಬಾಸ್ ಹೇಳಿಬಿಟ್ಟಿದ್ದರಂತೆ. “ನಿಮ್ಮ ಹಳೇ ರೆಕಾರ್ಡಿಂಗ್ ಎಲ್ಲಾ ಚೆನ್ನಾಗೇ ಇದೆಯಲ್ಲ ಮೇಡಂ, ಅದನ್ನೇ ಹಾಕಿಬಿಡೋಣ” ಎಂದು. ಎಷ್ಟು ಮರ್ಯಾದೆಯ ಮಾತು ನೋಡಿ. ನಿಮ್ಮ ಪಾಠ ಚೆನ್ನಾಗಿದೆ, ಆದ್ದರಿಂದ ನೀವು ಬೇಡ.

“ಎಲ್ಲಾ ಮೊದಲೇ ಬರೆದಿಟ್ಕೊಂಡು ನೀಟಾಗಿ ತೋರಿಸ್ತೀನಿ ಆಂಟಿ. ಒಂದು ತಪ್ಪೂ ಇರಲ್ಲ. ಅವರೂ ನೋಡ್ಕೊಂಡು ಟೈಪ್ ಮಾಡ್ತಾರೆ. ಬರುತ್ತೆ. ಖಾಲಿ ಸ್ಕ್ರೀನ್ ಕೊಟ್ಟು ನೀವೇ ಬರೀರಿ ಅಂದ್ರೆ ಕೈಯೇ ಓಡಲ್ಲ ಅವರಿಗೆ.”

ನನಗೆ ಚಿರೋಟಿ ನೆನಪಾಯಿತು. ಫೋನಿನಲ್ಲಿ ಒಬ್ಬಾಕೆ ಚಿರೋಟಿ ಮಾಡುವುದನ್ನು ನೋಡಿದ್ದೆ. ಎಷ್ಟು ಈಸಿ ಎನಿಸಿತ್ತೆಂದರೆ ಅರ್ಧ ಕಲಿತೇಬಿಟ್ಟೆ ಎಂದುಕೊಂಡಿದ್ದೆ. ನಾನು ಕರಿದದ್ದನ್ನು ನಮ್ಮ ಬೀದಿಯ ನಾಯಿ ಮೂಸಿ ನೋಡಿ, ಮುಂದಿನ ಗೇಟಿಗೆ ಹೋಯಿತು. ಬೇರೆಯವರ ಕೈ ಸಲೀಸಾಗಿ ಓಡುವುದನ್ನು ನೋಡಿದರೆ ನಮ್ಮ ಕೈಗೂ ಬಂತೆಂದು ಯಾಕೆ ಅನಿಸುತ್ತದೋ.

ಮಾರನೆಯ ದಿನ ಚೈತ್ರಾ ನನ್ನ ಟ್ಯಾಬನ್ನು ಕೇಳಿ ತೆಗೆದುಕೊಂಡು ಏನೇನೋ ಒತ್ತಿದಳು. ನಾನೂ ಕ್ಲಾಸಿಗೆ ಸೇರಿದ್ದೆ. ಹೆಸರಿನ ಜಾಗದಲ್ಲಿ ‘ಅಜ್ಜಿ’ ಎಂದಿತ್ತು. “ನಿಮಗೆ ಏನೇ ಡೌಟ್ ಬಂದ್ರೂ ಕೇಳಿಬಿಡಿ ಆಂಟಿ. ನಾಚ್ಕೋಬೇಡಿ.” ನಾಚಿಕೆಯೆ? ಈ ವಯಸ್ಸಿನಲ್ಲಿ ಗೊತ್ತಿಲ್ಲ ಎನ್ನುವುದಕ್ಕೆ ಎಂಥ ಮರ್ಯಾದೆ ಇದೆ ಗೊತ್ತೇ ನಿಮಗೆ? ಪಾಪ, ವಯಸ್ಸಾದವರು, ಎಷ್ಟು ಆಸಕ್ತಿ ನೋಡಿ ಎನ್ನುತ್ತಾರೆ. ಅದೇ ‘ಗೊತ್ತಿಲ್ಲ’ವನ್ನು ಡಿಗ್ರಿ ಮುಗಿಸಿದ ಹುಡುಗಿ ಹೇಳಿದರೆ, ಇಷ್ಟೂ ಗೊತ್ತಿಲ್ವಾ ಎನ್ನುತ್ತಾರೆ.

ಈ ಗುಟ್ಟು ನನಗಿಂತ ಮೊದಲು ಆ ಕ್ಲಾಸಿಗೆ ಗೊತ್ತಾಯಿತು.

ಟ್ಯಾಬಿನಲ್ಲಿ ನನಗೊಬ್ಬಳಿಗೇ ಕಾಣುವಂತೆ ಒಂದು ಮೆಸೇಜು ಬಂತು. ‘ಅಜ್ಜಿ, ಒಂದೇ ಈಕ್ವಲ್ ಯಾವಾಗ, ಎರಡು ಈಕ್ವಲ್ ಯಾವಾಗ ಅಂತ ಕೇಳಿ ಪ್ಲೀಸ್. ನನ್ನ ಹೆಸರು ಹೇಳಬೇಡಿ.’ ಕಳಿಸಿದವಳ ಹೆಸರು ಪುಟ್ಟಲಕ್ಷ್ಮಿ.

ಕೇಳಿದೆ. ನನ್ನ ಕಾನ್ವೆಂಟ್ ಇಂಗ್ಲಿಷ್ ಸೇರಿಸಿ, ತುಂಬ ಗಂಭೀರವಾಗಿ. ಒಂದೇ ಈಕ್ವಲ್ ಎಂದರೆ ‘ಇದು ಇಷ್ಟು ಅಂತ ಇಟ್ಟುಕೋ’, ಎರಡು ಈಕ್ವಲ್ ಎಂದರೆ ‘ಇದು ಇಷ್ಟೇನಾ?’ ಎಂದು ಚೈತ್ರಾ ಹೇಳಿದಳು. ಒಂದು ಅಪ್ಪಣೆ, ಒಂದು ಪ್ರಶ್ನೆ. ಮತ್ತೆ ‘ಓಓಓ’ಗಳು ಬಂದವು. ಮಾರನೆಯ ದಿನ ಇನ್ನೊಬ್ಬರು. ಆಮೇಲೆ ಮತ್ತೊಬ್ಬರು. ‘ಅಜ್ಜಿ, ಇದನ್ನೊಂದು ಕೇಳಿ.’ ‘ಅಜ್ಜಿ, ನಿಧಾನಕ್ಕೆ ಹೇಳೋಕೆ ಹೇಳಿ.’ ನಾನು ಒಂದು ಪೋಸ್ಟ್ ಆಫೀಸಾದೆ.

ಚೈತ್ರಾ ಮೆಟ್ಟಿಲು ಹತ್ತುತ್ತ, “ಆಂಟಿ, ನೀವು ಎಂಥ ಶಾರ್ಪ್ ಅಂದ್ರೆ” ಎಂದಳು. ನಾನು ಸುಮ್ಮನೆ ನಕ್ಕೆ. (ಹೊಗಳಿಕೆಯನ್ನು ವಾಪಸ್ ಕೊಡುವ ಅಭ್ಯಾಸ ನನಗಿಲ್ಲ.)

ಆದರೆ ಯಾರೋ ಪುಣ್ಯಾತ್ಮ ಕಳಿಸಿದ ಪ್ರಶ್ನೆಯಲ್ಲಿ ನಾನು ಜನ್ಮದಲ್ಲಿ ಓದಿರದ ಪದಗಳಿದ್ದವು. ನಾನು ಅದನ್ನು ಓದಿದ ರೀತಿಗೆ ಚೈತ್ರಾ ಮೈಕ್ ಆಫ್ ಮಾಡಿ ನನ್ನನ್ನೇ ನೋಡಿದಳು.

“ಇದು ನಿಮ್ಮ ಡೌಟಲ್ಲ.”

“ಅಲ್ಲ.”

“ಇಷ್ಟು ದಿನ ಕೇಳಿದ್ದು?”

“ಆ ಸೊನ್ನೆ ಮಾತ್ರ ನಂದು.”

ಬಯ್ಯುತ್ತಾಳೆ ಎಂದುಕೊಂಡೆ. ಅವಳ ಕಣ್ಣು ಒದ್ದೆಯಾಯಿತು. “ನಾನು ಇಲ್ಲೇ ಕೂತಿದೀನಲ್ಲ ಆಂಟಿ. ನನ್ನ ಕೇಳಕ್ಕೆ ಏನು ಇವರಿಗೆ?” ಎಂದಳು. ಏನೆಂದು ಅವಳಿಗೂ ಗೊತ್ತಿತ್ತು. ತಪ್ಪೇ ಮಾಡದವರ ಮುಂದೆ ತಪ್ಪು ಮಾತಾಡುವುದು ಎಷ್ಟು ಕಷ್ಟ.

ಆಮೇಲೆ ಅವಳು ಮಾಡಿದ್ದು ನನಗೆ ಇವತ್ತಿಗೂ ವಿಸ್ಮಯ. ಪೋಸ್ಟ್ ಆಫೀಸು ಮುಚ್ಚಿಸಲಿಲ್ಲ. ಮೊದಲೇ ಬರೆದಿಟ್ಟುಕೊಳ್ಳುವುದನ್ನು ಬಿಟ್ಟಳು. ಖಾಲಿ ಸ್ಕ್ರೀನು ತೆರೆದು ಎಲ್ಲರೆದುರು ಯೋಚಿಸುತ್ತ ಬರೆಯತೊಡಗಿದಳು. ತಪ್ಪಾದರೆ, “ಅಯ್ಯೋ, ಇಲ್ಲಿ ಕೈಕೊಡ್ತು, ಯಾಕೆ ನೋಡೋಣ ಬನ್ನಿ” ಎನ್ನತೊಡಗಿದಳು. ಜೊತೆಗೆ ಹೊಸದೊಂದು ರೂಲು. ಎರಡು ಸಾಲು ಬರೆದು ನಿಲ್ಲಿಸುವುದು. “ಇದನ್ನ ರನ್ ಮಾಡಿದ್ರೆ ಏನು ಬರುತ್ತೆ? ಮೊದಲು ಗೆಸ್ ಮಾಡಿ. ಎಲ್ಲರೂ ಬರೆದ ಮೇಲೇ ನಾನು ಬಟನ್ ಒತ್ತೋದು.”

ಮೊದಲ ದಿನ ಒಬ್ಬರೂ ಬರೆಯಲಿಲ್ಲ. ಐದು ಸಲ ಎಣಿಸು ಎಂದು ಕಂಪ್ಯೂಟರಿಗೆ ಹೇಳುವ ಎರಡು ಸಾಲು ಅದು. ಕೊನೆಗೆ ಯಾವ ಸಂಖ್ಯೆ ಬರುತ್ತದೆ? ಚೈತ್ರಾ ಕಾದಳು. ಮೇಲುಗಡೆ ಸೀರಿಯಲ್ಲಿನ ಸೊಸೆ ಅಳುವುದು ಕೇಳಿಸುತ್ತಿತ್ತು. ನಾನು ತಡೆಯಲಾರದೆ, “ಐದು. ಇದರಲ್ಲಿ ಯೋಚನೆ ಮಾಡೋದೇನಿದೆ?” ಎಂದೆ.

ಅವಳು ಬಟನ್ ಒತ್ತಿದಳು. ನಾಲ್ಕಕ್ಕೆ ನಿಂತಿತು.

“ಗ್ರೌಂಡ್ ಫ್ಲೋರ್ ಮರೆತುಬಿಟ್ರಾ ಆಂಟಿ?”

ಇಡೀ ಕ್ಲಾಸು ನಕ್ಕಿತು. ನಗುವ ಮುಖಗಳ ಚಿತ್ರಗಳು ಸಾಲಾಗಿ ಬಂದವು. ಅವುಗಳ ಮಧ್ಯೆ ಪುಟ್ಟಲಕ್ಷ್ಮಿ, ಈ ಬಾರಿ ಎಲ್ಲರಿಗೂ ಕಾಣುವಂತೆ, ಬರೆದಿದ್ದಳು: ‘ನಾನೂ ಐದೇ ಅಂದ್ಕೊಂಡಿದ್ದೆ.’

ಆ ಒಂದು ಸಾಲು ಬಂದದ್ದೇ ತಡ, ಮುಂದಿನ ಪ್ರಶ್ನೆಗೆ ತಪ್ಪು ಉತ್ತರಗಳ ಸುರಿಮಳೆ. ಎಷ್ಟು ಬಗೆಯ ತಪ್ಪುಗಳು ಅಂತೀರಿ. ಒಬ್ಬೊಬ್ಬರ ತಪ್ಪಿಗೂ ಒಂದೊಂದು ಕಾರಣ, ಒಂದೊಂದು ನ್ಯಾಯ. ಚೈತ್ರಾ ಒಂದೊಂದನ್ನೂ ಎತ್ತಿಕೊಂಡು, ನೀವು ಹೀಗೆ ಯೋಚನೆ ಮಾಡಿದ್ರಿ ಅಲ್ವಾ ಎಂದು ಕೇಳುತ್ತ ಹೋದಳು. ಇಷ್ಟು ದಿನ ಮುಚ್ಚಿದ್ದ ತಲೆಗಳ ಒಳಗೆ ಯಾರೋ ದೀಪ ಹಿಡಿದು ನಡೆದ ಹಾಗಿತ್ತು. ನಾನು ದೇವಸ್ಥಾನದಲ್ಲಿ ಕೂತವಳ ಹಾಗೆ ಕೈಕಟ್ಟಿ ಕೂತಿದ್ದೆ. ತಪ್ಪು ಗೆಸ್ ಮಾಡಿದವರಿಗೇ ಹೆಚ್ಚು ದಿನ ನೆನಪಿರುತ್ತದೆ ಎಂದು ಚೈತ್ರಾ ಹೇಳಿದಳು. ನಾಲ್ಕಕ್ಕೆ ನಿಂತಿದ್ದನ್ನು ನಾನು ಇಲ್ಲಿ ಬರೆಯುತ್ತಿದ್ದೇನಲ್ಲ, ಅದಕ್ಕಿಂತ ಬೇರೆ ಪ್ರೂಫ್ ಬೇಕೆ?

ಬ್ಯಾಚಿನ ಕೊನೆಗೆ ಪ್ರತಿಯೊಬ್ಬರೂ ತಾವೇ ಒಂದು ಪ್ರೋಗ್ರಾಂ ಬರೆದು ವಿವರಿಸಬೇಕಿತ್ತು. ಒಂದು ಭಾನುವಾರ ಬೆಳಿಗ್ಗೆ. ಬಾಸ್ ಕೂಡ ಬಂದು ಕೂರುವವರಿದ್ದರು. ಕ್ಲಾಸು ಉಳಿಯುತ್ತದೋ ಇಲ್ಲವೋ ಆವತ್ತು ಗೊತ್ತಾಗುವುದಿತ್ತು. ಚೈತ್ರಾ ತುಟಿಯ ಮೇಲೆ ಬೆರಳಿಟ್ಟು ನನಗೆ ಮೊದಲೇ ಸನ್ನೆ ಮಾಡಿದ್ದಳು. ಇವತ್ತು ಅಜ್ಜಿ ಇಲ್ಲ. ನೋಡುವುದಷ್ಟೇ.

ಈ ಸಲ ಮಾಯವಾದವರು ಕಡಿಮೆ. ಆದರೂ ಬಾಸ್ ಮುಖದಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ಕೆಲವರು ಬಂದು ಹೋದ ಮೇಲೆ ಪುಟ್ಟಲಕ್ಷ್ಮಿಯ ಸರದಿ. ಮೊದಲ ಬಾರಿ ಅವಳ ಮುಖ ನೋಡಿದೆ. ಹಸಿರು ಗೋಡೆ, ಒಂದು ಕ್ಯಾಲೆಂಡರು, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ.

“ನಮಸ್ಕಾರ ಸಾರ್. ನಾನು ಪುಟ್ಟಲಕ್ಷ್ಮಿ. ಹೂಟಗಳ್ಳೀಲಿ ಒಂದ್ ಫ್ಯಾಕ್ಟ್ರಿ ಟೈಮ್ ಆಫೀಸಲ್ಲಿ ಇವ್ನಿ. ನಮ್ಮಲ್ಲಿ ಶಿಫ್ಟ್ ಬದ್ಲಾದಾಗೆಲ್ಲ ಬಸ್ ಎಷ್ಟೊತ್ಗೆ, ಬಸ್ ಎಷ್ಟೊತ್ಗೆ ಅಂತ ಫೋನ್ ಮಾಡ್ತಾನೇ ಇರ್ತಾರೆ. ಇಲ್ಲಿ ಶಿಫ್ಟ್ ಯಾವ್ದು ಅಂತ ಹೊಡುದ್ರೆ ಬಸ್ ಟೈಮು ಇದೇ ಯೋಳ್ತದೆ.”

ತನ್ನ ಈ ಊರಿನ ಮಾತಿಗೆ ನಾಚಿಯೇ ಇವಳು ಇಷ್ಟು ದಿನ ಬಾಯಿ ತೆರೆದಿರಲಿಲ್ಲವೇ? ನನಗೆ ಈಗ ಹೊಳೆಯಿತು. ಕ್ಲಾಸಿನಲ್ಲಿ ಮಾತಾಡುತ್ತಿದ್ದ ಒಬ್ಬಿಬ್ಬರು ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದರು. ನನ್ನಂಥವರ ಇಂಗ್ಲಿಷು.

ಎ ಹೊಡೆದಳು, ಬಂತು. ಬಿ ಹೊಡೆದಳು, ಬಂತು. ಬಾಸ್ ತಲೆಯಾಡಿಸಿ, “ಡಿ ಅಂತ ಹೊಡೀರಿ ನೋಡೋಣ” ಎಂದರು.

ಹೊಡೆದಳು. ಸ್ಕ್ರೀನಿನ ತುಂಬ ಕೆಂಪು ಸಾಲುಗಳು ಬಿದ್ದವು.

ಪ್ರೋಗ್ರಾಂ ಕೆಟ್ಟು ನಿಂತಿತ್ತು. ಚೈತ್ರಾ ಟೇಬಲ್ಲಿನ ಅಂಚು ಹಿಡಿದುಕೊಂಡಳು. ನನ್ನ ಬೆರಳು ಟ್ಯಾಬಿನ ಮೈಕ್ ಗುಂಡಿಯ ಹತ್ತಿರ ಹೋಗಿತ್ತು. ಏನಾದರೊಂದು ದಡ್ಡ ಪ್ರಶ್ನೆ ಕೇಳಿಬಿಟ್ಟರೆ ಪುಟ್ಟಲಕ್ಷ್ಮಿಗೆ ಸುಧಾರಿಸಿಕೊಳ್ಳಲು ಸಮಯ ಸಿಗುತ್ತದಲ್ಲ? ಅವಳ ಮೆಸೇಜಿಗೆ ಕಾದೆ. ಬರುತ್ತದೆ, ಈಗ ಬರುತ್ತದೆ. ಅಜ್ಜಿ, ಕೇಳಿ ಪ್ಲೀಸ್.

ಬರಲಿಲ್ಲ.

“ಇದು ಯಾಕೆ ಇಂಗಾಯ್ತು ಅಂತ ನಂಗೂ ಗೊತ್ತಿಲ್ಲ ಸಾರ್,” ಎಂದಳು ಪುಟ್ಟಲಕ್ಷ್ಮಿ. “ತಡೀರಿ, ಏನ್ ಯೋಳ್ತಾ ಅದೆ ನೋಡ್ಬುಡಾವ.”

ಗೊತ್ತಿಲ್ಲ. ಬಾಸ್ ಎದುರಿಗೆ, ಎಲ್ಲರೆದುರಿಗೆ, ತನ್ನ ಬಾಯಿಂದ, ತನ್ನ ಊರಿನ ಮಾತಿನಲ್ಲಿ. ಆ ಕೆಂಪು ಸಾಲುಗಳನ್ನು ಅವಳು ಕೆಳಗಿನಿಂದ ಮೇಲಕ್ಕೆ, ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದಿದಳು. ತಪ್ಪನ್ನು ಯಾರಾದರೂ ಇಷ್ಟು ಅಕ್ಕರೆಯಿಂದ ಓದುವುದನ್ನು ನಾನು ಕಂಡಿರಲಿಲ್ಲ. ನಮ್ಮ ನೋಟ್‌ಬುಕ್ಕಿನಲ್ಲಿ ಸಿಸ್ಟರ್ ಕೆಂಪು ಇಂಕಿನಲ್ಲಿ ಗೆರೆ ಹಾಕಿದರೆ ನಾವು ಪುಟ ಮಡಚಿಡುತ್ತಿದ್ದೆವು.

“ಓ, ಸಿಕ್ತು. ನಾನು ಎ, ಬಿ, ಸಿ ಮೂರೇ ಬರ್ದಿರೋದು. ಡಿ ಶಿಫ್ಟು ನಮ್ಮಲ್ಲಿ ಇಲ್ಲ ಸಾರ್. ಇಲ್ದೆ ಇರೋ ಶಿಫ್ಟಿಗೆ ಬಸ್ ಕೇಳುದ್ರೆ ಅದಾರೂ ಎಲ್ಲಿಂದ ತರ್ತದೆ?”

ಬಾಸ್ ನಕ್ಕುಬಿಟ್ಟರು. “ಸರಿ ಕಣಮ್ಮ. ಆದ್ರೆ ಯಾರಾದ್ರೂ ಕೈತಪ್ಪಿ ಹೊಡೆದ್ರೆ?”

“ಹೌದು, ಕೆಟ್ಟು ನಿಲ್ಬಾರ್ದು. ಅಂಗಾರೆ ‘ಇಂಥ ಶಿಫ್ಟಿಲ್ಲ’ ಅಂತ ಯೋಳಿ ಕಳುಸ್ಬೇಕು.” ಬರೆದಳು. ರನ್ ಮಾಡುವ ಮುಂಚೆ ನಿಲ್ಲಿಸಿ, “ಈಗ ‘ಇಲ್ಲ’ ಅಂತ ಬತ್ತದೆ, ನನ್ ಗೆಸ್ಸು” ಎಂದಳು. ಒತ್ತಿದಳು. ಬಂತು.

ಅಷ್ಟಕ್ಕೆ ಬಿಡಲಿಲ್ಲ. “ಸಾರ್, ನಂಗೊಂದು ಡೌಟು. ನಾಳೆ ಫ್ಯಾಕ್ಟ್ರೀಲಿ ಬಸ್ ಟೈಮ್ ಬದ್ಲಾಯ್ಸುದ್ರೆ, ಪ್ರತೀ ಸಲ ನಾನು ಪ್ರೋಗ್ರಾಂ ಒಳುಕ್ಕೇ ಕೈ ಹಾಕ್ಬೇಕಾ? ಟೈಮುಗಳ್ನ ಬೇರೆ ಕಡೆ ಇಟ್ಬುಟ್ಟು, ಇದು ಹೋಗಿ ನೋಡ್ಕೊಂಡ್ ಬರೋ ಅಂಗೆ ಮಾಡಕ್ಕಾಗಲ್ವಾ?”

ಚೈತ್ರಾ ಮುಖ ಮುಚ್ಚಿಕೊಂಡಳು. ಅದೇ ಅವಳ ಮುಂದಿನ ಪಾಠವಂತೆ. ಮುಂದಿನ ಪಾಠವನ್ನು ತಾನಾಗಿ ಬಾಗಿಲು ತಟ್ಟಿ ಕೇಳುವ ವಿದ್ಯಾರ್ಥಿ ಒಬ್ಬ ಟೀಚರಿಗೆ ಎಷ್ಟು ಸಲ ಸಿಗಬಹುದು? ನನ್ನ ಸಿಸ್ಟರಿಗೆ ಒಮ್ಮೆಯಾದರೂ ಸಿಕ್ಕಿದ್ದರೆ ಎಂದು ಆಸೆಯಾಯಿತು.

ಮಧ್ಯಾಹ್ನ ಬಾಸ್ ಫೋನ್ ಮಾಡಿದರು. ಚೈತ್ರಾ ಸ್ಪೀಕರಿಗೆ ಹಾಕಿದಳು. “ಮೇಡಂ, ರೆಕಾರ್ಡಿಂಗ್ ಹಾಕಿದ್ರೆ ಆ ಹುಡುಗಿ ಅದನ್ನ ಯಾರನ್ನ ಕೇಳ್ತಿದ್ಲು? ಲೈವೇ ಇರ್ಲಿ ಬಿಡಿ.” ಚೈತ್ರಾ ಫೋನಿಟ್ಟು, ಬೆಳಿಗ್ಗೆಯಿಂದ ಕೆನೆಗಟ್ಟಿಕೊಂಡು ಕೂತಿದ್ದ ಕಾಫಿಯನ್ನು ಅಮೃತದ ಹಾಗೆ ಕುಡಿದಳು. ಬಿಸಿ ಮಾಡಿಕೊಡುತ್ತೇನೆ ಎಂದರೂ ಕೇಳಲಿಲ್ಲ.

ಪಾಠ ಎಷ್ಟೇ ಚೆಂದವಿರಲಿ, ವಿಡಿಯೋ ನಮ್ಮ ದಡ್ಡತನವನ್ನು ಕೇಳಿಸಿಕೊಳ್ಳುವುದಿಲ್ಲ. ಅದಕ್ಕೆ ಒಂದು ಜೀವ ಬೇಕು. ಒಂದು ಜೀವ ಕೇಳಿಸಿಕೊಂಡರೆ ಏನೇನು ಅರಳುತ್ತದೆ ಎಂಬುದನ್ನು ನಾನು ನನ್ನ ಡೈನಿಂಗ್ ಟೇಬಲ್ಲಿನಲ್ಲಿ ಕೂತು ನೋಡಿದೆ.

ಈಗ ಮುಂದಿನ ಕೋರ್ಸು ನಡೆಯುತ್ತಿದೆ. ಅದೇ ಮಕ್ಕಳು. ನಾನೂ ಇದ್ದೇನೆ. ಆದರೆ ನನ್ನ ಪೋಸ್ಟ್ ಆಫೀಸಿಗೆ ಕಾಗದ ಬರುವುದು ನಿಂತಿದೆ. ‘ಮ್ಯಾಮ್, ನನಗೊಂದು ಡೌಟು’ ಎಂದು ಅವರವರೇ ಕೇಳುತ್ತಾರೆ. ಪುಟ್ಟಲಕ್ಷ್ಮಿಯಂತೂ ಚೈತ್ರಾಳಿಗೆ ನೀರು ಕುಡಿಯಲು ಬಿಡುವುದಿಲ್ಲ. ಸಂತೋಷವೇ. ಆದರೂ ಸಂಜೆ ಟ್ಯಾಬು ಸುಮ್ಮನಿರುವುದನ್ನು ನೋಡಿದರೆ, ಶಾಲೆಯ ಕೊನೆಯ ದಿನ ಖಾಲಿ ಬೆಂಚು ನೋಡಿದ ಹಾಗಾಗುತ್ತದೆ.

ಮೊನ್ನೆ ಚೈತ್ರಾ ಹೊಸತೊಂದನ್ನು ಹೇಳುತ್ತಿದ್ದಳು. ಒಂದು ಪ್ರೋಗ್ರಾಂ ಕೆಲಸ ಮುಗಿಸಲು ತನ್ನನ್ನು ತಾನೇ ಕರೆಯುತ್ತದಂತೆ. ಬಂದದ್ದು ಮತ್ತೆ ತನ್ನನ್ನೇ ಕರೆಯುತ್ತದಂತೆ. ಎಲ್ಲರೂ ‘ಓಓಓ’ ಎಂದರು. ನನಗೆ ಅರ್ಥವಾಗಲಿಲ್ಲ. ಹೀಗೆ ಕರೆಯುತ್ತ ಕರೆಯುತ್ತ ಹೋದರೆ ನಿಲ್ಲುವುದು ಎಲ್ಲಿ? ಮೊದಲು ಕರೆದದ್ದು ಅಲ್ಲಿಯವರೆಗೆ ಕಾಯುತ್ತಲೇ ಇರುತ್ತದೆಯೆ?

ಇದು ಯಾರೂ ಕಳಿಸಿದ್ದಲ್ಲ. ನನ್ನದೇ. ಮೈಕ್ ಗುಂಡಿಯ ಮೇಲೆ ಬೆರಳಿಟ್ಟೆ. ಎಲ್ಲರಿಗೂ ಅರ್ಥವಾಗಿದೆ, ನನಗೊಬ್ಬಳಿಗೇ ಆಗಿಲ್ಲ ಎನಿಸಿ, ಈ ವಯಸ್ಸಿನಲ್ಲಿ, ನಿಜವಾಗಿ ನಾಚಿಕೆಯಾಯಿತು. “ಎನಿ ಡೌಟ್ಸ್, ಆಂಟಿ?” ಎಂದಳು ಚೈತ್ರಾ. ನನ್ನ ಬಾಯಿಂದ ಬಂದದ್ದು ಅದೇ ಹಳೆಯ ರಾಗ. “ನೋ.”

ಈಗ ಹೇಳಿ, ಇದನ್ನು ನಾನು ಯಾರ ಹೆಸರಲ್ಲಿ ಕೇಳಲಿ?